ಹಳೆಯ ಶಟರಿಗೆ ಹೊಸ ಮಿಂಚು

ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೇಳಗಳ ಹರಕೆ ಆಟ ನಡುರಾತ್ರಿ ದಾಟುವ ಹೊತ್ತಿಗೆ ಕಾವೇರುತ್ತದೆ. ಭಾಗವತರ ಪದ ಏರು ಕಾಲಕ್ಕೆ ಬಂದು, ಚಂಡೆಯ ಪೆಟ್ಟು ಬಿಗಿಯಾಗಿ, ಅಭಿಮನ್ಯುವೋ ಬಬ್ರುವಾಹನನೋ ಗಿರಕಿ ಹೊಡೆಯಲು ತೊಡಗುತ್ತಾನೆ. ಆಗ ಅವನ ಅಂಗೈ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಸಾಗುತ್ತದೆ ಎಂದಿಟ್ಟುಕೊಳ್ಳೋಣ. ರಂಗಸ್ಥಳಕ್ಕೆ ಎರಡು ಗ್ಯಾಸ್‌ಲೈಟುಗಳದೇ ಬೆಳಕು ಇದ್ದ ಕಾಲವನ್ನು ನೆನೆದು ಒಂದು ಲೆಕ್ಕ ಹಾಕಿ ನೋಡಬಹುದು. ಒಂದೊಂದು ಲೈಟು 400 ಕ್ಯಾಂಡೆಲಾ ಬೆಳಗಿದರೆ, 2 ಮೀಟರ್ ದೂರದಲ್ಲಿ ನಿಂತ ವೇಷದ ಮೇಲೆ ಎರಡೂ ಸೇರಿ ಬೀಳುವುದು 200 ಲಕ್ಸ್. 1930ರ ದಶಕದ ಮಡಚುವ ಕ್ಯಾಮೆರಾದ ಮಸೂರವನ್ನು ಪೂರ್ತಿ ಎಫ್/6.3ಕ್ಕೆ ತೆರೆದು, ಒಳಗೆ ಐಎಸ್‌ಒ 100ರ ಫಿಲ್ಮು ಹಾಕಿದರೂ ಚಿತ್ರ ಮೂಡಲು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಅಂಗೈ ಒಂದೂವರೆ ಮೀಟರ್ ದಾಟಿರುತ್ತದೆ. ಆ ಕಾಲದ ಫಿಲ್ಮುಗಳು ಬಹುಪಾಲು ಇದಕ್ಕಿಂತಲೂ ಮಂದ. ಹಳೆಯ ಯಕ್ಷಗಾನ ಫೋಟೋಗಳಲ್ಲಿ ವೇಷಗಳು ಹೆಚ್ಚಾಗಿ ಹಗಲು ಬೆಳಕಿನಲ್ಲಿ, ನಿಂತಲ್ಲೇ ನಿಂತು, ಉಸಿರು ಬಿಗಿಹಿಡಿದಂತೆ ಕಾಣುವುದರ ಹಿಂದೆ ಈ ಲೆಕ್ಕವಿದೆ.

ಅದೇ ಅಂಗೈ 1/1000 ಸೆಕೆಂಡಿನಲ್ಲಿ ಚಲಿಸುವುದು 3 ಮಿಲಿಮೀಟರ್ ಮಾತ್ರ. ಒಂದು ಸಾಮಾನ್ಯ ಎಲೆಕ್ಟ್ರಾನಿಕ್ ಫ್ಲಾಶ್ ಹೊಳೆಯುವ ಅವಧಿ ಅಷ್ಟೇ, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಹಾಗಾಗಿ ಕತ್ತಲಲ್ಲಿ ಫ್ಲಾಶ್ ಬಳಸುವಾಗ ಚಲನೆಯನ್ನು ಹಿಡಿದು ನಿಲ್ಲಿಸುವುದು ಶಟರ್ ಅಲ್ಲ, ಬೆಳಕು. ಶಟರ್ ಮಾಡಬೇಕಾದ್ದು ಒಂದೇ ಕೆಲಸ: ಆ ಬೆಳಕು ಬರುವ ಹೊತ್ತಿಗೆ ಬಾಗಿಲು ಪೂರ್ತಿ ತೆರೆದಿರಬೇಕು. ಅಜ್ಜನ ಕಾಲದ ಕ್ಯಾಮೆರಾಕ್ಕೆ ಇಂದಿನ ಫ್ಲಾಶನ್ನು ಜೋಡಿಸುವ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿದೆ. ಮಸೂರ, ಬೆಲ್ಲೋಸ್, ಫಿಲ್ಮಿನ ಅಳತೆ ಯಾವುದೂ ಅಡ್ಡಿಯಲ್ಲ. ಅಡ್ಡಿ ಬರುವುದು ಕೆಲವೇ ಮಿಲಿಸೆಕೆಂಡುಗಳ ಹೊಂದಾಣಿಕೆಗೆ.

ಕಿಡಿಯ ಬೆಳಕಿನಲ್ಲಿ ಚಲನೆಯನ್ನು ಹಿಡಿಯಬಹುದೆಂದು 1851ರಲ್ಲೇ ತೋರಿಸಿಕೊಟ್ಟವರು ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್. ತಿರುಗುವ ಚಕ್ರಕ್ಕೆ ಪತ್ರಿಕೆಯ ಹಾಳೆಯೊಂದನ್ನು ಅಂಟಿಸಿ, ಲೈಡನ್ ಜಾಡಿಗಳಲ್ಲಿ ತುಂಬಿಟ್ಟ ವಿದ್ಯುತ್ತನ್ನು ಒಂದೇ ಕಿಡಿಯಾಗಿ ಹಾರಿಸಿ ಫೋಟೋ ತೆಗೆದರು. ಅದು ಆಗ ಪ್ರಯೋಗಶಾಲೆಯಾಚೆ ಹೋಗಲಿಲ್ಲ. ಲೋಕದ ಕೈಗೆ ಮೊದಲು ಸಿಕ್ಕಿದ್ದು 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೊಹಾನೆಸ್ ಗೇಡಿಕೆ ತಯಾರಿಸಿದ ಮೆಗ್ನೀಸಿಯಂ ಪುಡಿ. ಬೆಂಕಿ ತಾಗಿದೊಡನೆ ಭಗ್ಗೆಂದು ಉರಿದು ಬಿಳಿ ಹೊಗೆ ಕಕ್ಕುವ ಈ ಪುಡಿಯನ್ನು ಸೋಗೆ ಹೊದಿಸಿದ ಚಪ್ಪರದ ಕೆಳಗೆ ಹಚ್ಚುವುದು ಅಪಾಯವೇ. 1929-30ರ ಹೊತ್ತಿಗೆ ಗಾಜಿನೊಳಗೆ ತೆಳು ಲೋಹದ ಹಾಳೆ ತುಂಬಿದ ಫ್ಲಾಶ್ ಬಲ್ಬು ಬಂತು. ಒಂದು ಬಲ್ಬಿಗೆ ಒಂದೇ ಫೋಟೋ. 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಅನಿಲ ತುಂಬಿದ ಕೊಳವೆಯಲ್ಲಿ ವಿದ್ಯುತ್ ಹಾಯಿಸಿ ಮತ್ತೆ ಮತ್ತೆ ಮಿಂಚಿಸುವ ದೀಪವನ್ನು ಫೋಟೋಗ್ರಫಿಗೆ ಒಗ್ಗಿಸಿದರು. ಹಾಲಿನ ಹನಿ ಬಿದ್ದು ಕಿರೀಟದಂತೆ ಎದ್ದ ಅವರ ಚಿತ್ರವನ್ನು ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಹಲವರು ನೋಡಿರಬಹುದು.

ಇದೇ ದಶಕಗಳಲ್ಲಿ ನಮ್ಮ ಕರಾವಳಿಯಲ್ಲೂ ಕ್ಯಾಮೆರಾ ಹಿಡಿದವರಿದ್ದರು. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಫೋಟೋ ತೆಗೆದರು, 1930ರ ಆಸುಪಾಸಿನಲ್ಲಿ ಮೂಕಿ ಚಿತ್ರಗಳನ್ನೂ ಮಾಡಿದರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದಕ್ಷಿಣದ ಸ್ಟುಡಿಯೋಗಳಿಗೆ ಕೇರಳದ ಆಲಪ್ಪುಳದಲ್ಲಿ ಮರದಿಂದ ತಯಾರಾದ ವಾಗೀಶ್ವರಿ ಕ್ಯಾಮೆರಾಗಳು ಬಂದವು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹಳೆಯ ಮನೆಗಳ ಮರದ ಪೆಟ್ಟಿಗೆಗಳಲ್ಲಿ ಇಂದಿಗೂ ಒಂದು ಬಾಕ್ಸ್ ಕ್ಯಾಮೆರಾವೋ, ಮುಂಬಯಿಯಲ್ಲಿ ಹೋಟೆಲು ನಡೆಸಿದ ದೊಡ್ಡಪ್ಪ ತಂದ ಮಡಚುವ ಕ್ಯಾಮೆರಾವೋ ಸಿಕ್ಕರೆ ಆಶ್ಚರ್ಯವಿಲ್ಲ. ಅವುಗಳಲ್ಲಿ 120 ಅಳತೆಯ ಫಿಲ್ಮು ಹಿಡಿಯುವವು ಇವತ್ತಿಗೂ ಬಳಕೆಗೆ ಬರುತ್ತವೆ. 1901ರಲ್ಲಿ ಬಂದ ಆ ಅಳತೆ ಇನ್ನೂ ತಯಾರಾಗುತ್ತಿದೆ. ಆದರೆ ಫ್ಲಾಶಿನ ತಂತಿ ಸಿಕ್ಕಿಸುವ ತೂತು ಅವುಗಳಲ್ಲಿ ಇರುವುದಿಲ್ಲ. ಆ ತೂತು ಎಲ್ಲೆಡೆ ಸಾಮಾನ್ಯವಾದದ್ದು ಎರಡನೇ ಮಹಾಯುದ್ಧದ ನಂತರ. ಲೈಕಾದಂಥ ಹೆಸರಾಂತ ಕ್ಯಾಮೆರಾಕ್ಕೂ ಅದು ಕಾರ್ಖಾನೆಯಿಂದಲೇ ಬಂದದ್ದು 1950ರಲ್ಲಿ.

ತೂತು ಇದ್ದರೂ ಮೋಸಹೋಗಬಾರದು. ಬಲ್ಬು ಹೊತ್ತಿಕೊಂಡು ಪೂರ್ಣ ಪ್ರಕಾಶಕ್ಕೆ ಬರಲು ಸುಮಾರು 20 ಮಿಲಿಸೆಕೆಂಡು ಹಿಡಿಯುತ್ತಿತ್ತು. ಅದಕ್ಕಾಗಿ ಕೆಲವು ಶಟರ್‌ಗಳು ಮೊದಲು ಬಲ್ಬಿಗೆ ವಿದ್ಯುತ್ ಕೊಟ್ಟು, ಕೊಂಚ ಕಾದು, ಆಮೇಲೆ ತೆರೆಯುತ್ತಿದ್ದವು. ಇದು ‘ಎಂ’ ಗುರುತಿನ ಸಿಂಕ್, ಅಂದರೆ ಶಟರು-ಫ್ಲಾಶುಗಳ ಹೊಂದಾಣಿಕೆ. ಎಲೆಕ್ಟ್ರಾನಿಕ್ ಫ್ಲಾಶಿಗೆ ಆ ಕಾಯುವಿಕೆ ಬೇಡ; ಶಟರ್ ಪೂರ್ತಿ ತೆರೆದ ಗಳಿಗೆಯಲ್ಲೇ ಅದಕ್ಕೆ ಅಪ್ಪಣೆ ಸಿಗಬೇಕು. ಇದು ‘ಎಕ್ಸ್’ ಸಿಂಕ್. ಎಂ ಗುರುತಿನಲ್ಲಿಟ್ಟು ಎಲೆಕ್ಟ್ರಾನಿಕ್ ಫ್ಲಾಶ್ ಹೊಡೆದರೆ ಶಟರ್ ಬಾಯಿ ಬಿಡುವ ಮೊದಲೇ ಮಿಂಚು ಬಂದು ಹೋಗಿರುತ್ತದೆ, ಫಿಲ್ಮಿನಲ್ಲಿ ಏನೂ ಇರುವುದಿಲ್ಲ.

ಆ ಅಪ್ಪಣೆ ಎಂದರೆ ಎರಡು ತಂತಿಗಳು ಒಂದಕ್ಕೊಂದು ತಾಗುವುದು, ಅಷ್ಟೇ. ಫ್ಲಾಶಿನೊಳಗೆ ಒಂದು ಕೆಪಾಸಿಟರ್ ಸುಮಾರು 300 ವೋಲ್ಟಿಗೆ ತುಂಬಿಕೊಂಡು ಕೂತಿರುತ್ತದೆ. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ 330 ವೋಲ್ಟಿಗೆ ತುಂಬಿದರೆ ಅದರಲ್ಲಿ 54 ಜೌಲ್ ಶಕ್ತಿ ಇರುತ್ತದೆ. ಅದರೆದುರು ಇರುವ ಕೊಳವೆಯಲ್ಲಿ ಝೆನಾನ್ ಅನಿಲ. ತನ್ನ ಪಾಡಿಗಿದ್ದರೆ ಅದು ವಿದ್ಯುತ್ ಹಾಯಗೊಡುವುದಿಲ್ಲ. ತಂತಿಗಳು ತಾಗಿದಾಗ ಒಂದು ಪುಟ್ಟ ಸುರುಳಿ ಕೆಲವು ಸಾವಿರ ವೋಲ್ಟಿನ ಹೊಡೆತವನ್ನು ಕೊಳವೆಯ ಹೊರಮೈಗೆ ಕೊಡುತ್ತದೆ. ಒಳಗಿನ ಅನಿಲ ಅಯಾನುಗಳಾಗಿ ಒಡೆದು ದಾರಿ ತೆರೆಯುತ್ತದೆ, ತುಂಬಿಟ್ಟ ಶಕ್ತಿಯೆಲ್ಲ ಒಮ್ಮೆಗೇ ಹರಿದು ಬೆಳಕಾಗುತ್ತದೆ. ಸ್ವಿಚ್ ಆಫ್ ಆದ ಫ್ಲಾಶಿನಲ್ಲೂ ಈ ಶಕ್ತಿ ಬಹಳ ಹೊತ್ತು ಉಳಿದಿರಬಹುದು, ಅದು ಪ್ರಾಣಕ್ಕೇ ಎರವಾಗಬಲ್ಲದು. ಆದ್ದರಿಂದ ಫ್ಲಾಶನ್ನು ಬಿಚ್ಚುವ ಕೆಲಸ ಎಲೆಕ್ಟ್ರಾನಿಕ್ಸ್ ಬಲ್ಲವರದು. ನಾವು ಕೈ ಹಾಕಬೇಕಾದದ್ದು ಕ್ಯಾಮೆರಾದ ಕಡೆಗೆ ಮಾತ್ರ.

ಏನನ್ನೂ ಬಿಚ್ಚದೆ ಮಾಡಬಹುದಾದ ಉಪಾಯವೇ ಎಲ್ಲಕ್ಕಿಂತ ಹಳೆಯದು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಶಟರನ್ನು ‘ಬಿ’ಗೆ ಇಟ್ಟು ತೆರೆದುಹಿಡಿದು, ಫ್ಲಾಶಿನ ಮೈಮೇಲಿರುವ ಪರೀಕ್ಷೆಯ ಗುಂಡಿಯನ್ನು ಕೈಯಲ್ಲೇ ಒತ್ತಿ, ಶಟರ್ ಬಿಡುವುದು. ಶಟರೇ ಇಲ್ಲದ, ಮಸೂರದ ಮುಚ್ಚಳ ತೆಗೆದು ಹಾಕುವ ಮರದ ಸ್ಟುಡಿಯೋ ಕ್ಯಾಮೆರಾಗೂ ಇದು ನಡೆಯುತ್ತದೆ. ಸುತ್ತ ಕತ್ತಲಿರಬೇಕೆಂಬುದೊಂದೇ ಷರತ್ತು. ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟಕ್ಕೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಕಾಣದು. ದೇವಣ್ಣ ಕಾಮತರು, ಕೊಗ್ಗ ಕಾಮತರು ಬೆಳೆಸಿಕೊಂಡು ಬಂದ ಆ ಪರಂಪರೆಯಲ್ಲಿ ಗೊಂಬೆಗಳು ಸಣ್ಣ ರಂಗದಲ್ಲಿ ಕುಣಿಯುತ್ತವೆ, ದೂರ ಕಡಿಮೆ, ಹಿನ್ನೆಲೆ ಕಪ್ಪು. ಇಂದಿನ ಬಯಲಾಟದ ರಂಗಸ್ಥಳದಲ್ಲಾದರೋ ಕಣ್ಣು ಕೋರೈಸುವ ವಿದ್ಯುದ್ದೀಪಗಳಿವೆ. ಅಲ್ಲಿ ಒಂದು ಸೆಕೆಂಡು ಶಟರ್ ತೆರೆದಿಟ್ಟರೆ ಫ್ಲಾಶಿನ ಚಿತ್ರದ ಮೇಲೆ ದೀಪಗಳ ಚಿತ್ರವೂ ದಟ್ಟವಾಗಿ ಕೂರುತ್ತದೆ. ಅಲ್ಲಿಗೆ ನಿಜವಾದ ಸಿಂಕೇ ಬೇಕು.

ಬಾಕ್ಸ್ ಕ್ಯಾಮೆರಾದಿಂದ ಶುರುಮಾಡುವುದು ಒಳ್ಳೆಯದು. 1900ರಲ್ಲಿ ಒಂದು ಡಾಲರಿಗೆ ಮಾರಾಟವಾದ ಕೊಡಾಕ್ ಬ್ರೌನಿಯ ವಂಶದವು ಇವು. ಮುಂಭಾಗದ ತಗಡನ್ನು ಬಿಚ್ಚಿದರೆ ಬಹಳಷ್ಟು ಮಾದರಿಗಳಲ್ಲಿ ಕಾಣುವುದು ಒಂದು ತಗಡಿನ ಬಿಲ್ಲೆ, ಅದರಲ್ಲೊಂದು ಕಿಂಡಿ, ಒಂದು ಸ್ಪ್ರಿಂಗ್, ಒಂದು ಸನ್ನೆ. ಸನ್ನೆ ಅದುಮಿದಾಗ ಸ್ಪ್ರಿಂಗ್ ಬಿಗಿದು, ಬಿಲ್ಲೆ ಛಕ್ಕನೆ ತಿರುಗಿ, ಕಿಂಡಿ ಮಸೂರದ ಮುಂದೆ ಹಾದುಹೋಗುತ್ತದೆ. 1/30ರಿಂದ 1/50 ಸೆಕೆಂಡಿನ ಆಟ. ಈ ಬಿಲ್ಲೆಯ ಅಂಚಿಗೋ ಅದರ ಮೊಳೆಗೋ ಸವರುವಂತೆ ತೆಳ್ಳನೆಯ ಕಂಚಿನ ಪಟ್ಟಿಯೊಂದನ್ನು ನಿಲ್ಲಿಸಬೇಕು. ಕೆಟ್ಟುಹೋದ ರಿಲೇಯೊಳಗೆ ಬೇಕಾದಂಥ ಪಟ್ಟಿ ಸಿಗುತ್ತದೆ, ತುದಿಯಲ್ಲಿ ಬೆಳ್ಳಿಯ ಚುಕ್ಕಿಯೂ ಇರುತ್ತದೆ. ಪಟ್ಟಿ ಕ್ಯಾಮೆರಾದ ಲೋಹಕ್ಕೆ ತಾಗದಿರಲು ನಡುವೆ ಅಭ್ರಕದ ತುಂಡು. ಹಳೆಯ ಇಸ್ತ್ರಿಪೆಟ್ಟಿಗೆಯ ಎಲಿಮೆಂಟಿನಿಂದ ಸುಲಿದುಕೊಂಡ ಹಾಳೆ ಧಾರಾಳ ಸಾಕು. ಒಂದು ತಂತಿ ಪಟ್ಟಿಗೆ, ಇನ್ನೊಂದು ಕ್ಯಾಮೆರಾದ ಲೋಹದ ಮೈಗೆ. ಬಿಲ್ಲೆಗೆ ಕಪ್ಪು ಬಣ್ಣ ಬಳಿದಿರುತ್ತಾರೆ. ಪಟ್ಟಿ ತಾಗುವ ಕಡೆ ಮಾತ್ರ ಅದನ್ನು ಕೆರೆದು ತೆಗೆಯಬೇಕು. ಬಿಲ್ಲೆಯ ಮೇಲೆ ಬೆಸುಗೆ ಹಾಕಿ ತೂಕ ಏರಿಸಬಾರದು, ಅಷ್ಟಕ್ಕೇ ಅದರ ವೇಗ ತಗ್ಗುತ್ತದೆ. ಪಟ್ಟಿಯೂ ಒತ್ತಿ ಹಿಡಿಯಬಾರದು.

ಪೆಟ್ಟಿಗೆಗೆ ತೂತು ಕೊರೆಯಬೇಡಿ ಎಂಬುದು ನನ್ನ ಕಟ್ಟುನಿಟ್ಟಿನ ಮಾತು. ಮುಂದಿನ ತಗಡಿನ ಸಂದಿನಲ್ಲೇ ತೆಳು ತಂತಿ ಹೊರಬರುತ್ತದೆ. ನೂರು ವರ್ಷ ಬಾಳಿದ ವಸ್ತುವಿಗೆ ನಾವು ಮಾಡುವ ಸೇರ್ಪಡೆ ಬೇಡವೆನಿಸಿದ ದಿನ ಗುರುತಿಲ್ಲದಂತೆ ತೆಗೆಯಲು ಬರಬೇಕು. ಅದನ್ನು ಮುಂದೆ ಪಡೆಯುವವರಿಗೆ ಅದು ಇದ್ದ ಹಾಗೇ ಸಿಗಲಿ.

ಮಡಚುವ ಕ್ಯಾಮೆರಾಗಳಲ್ಲಿ ಕೆಲಸ ನಾಜೂಕಿನದು. ಕಾಂಪರ್ ಜಾತಿಯ ಶಟರ್‌ಗಳಲ್ಲಿ ಮಸೂರಗಳ ನಡುವೆ ತೆಳು ಉಕ್ಕಿನ ಎಲೆಗಳಿರುತ್ತವೆ. ಒಂದು ಉಂಗುರ ತುಸುವೇ ತಿರುಗಿ ಅಷ್ಟೂ ಎಲೆಗಳನ್ನು ಒಟ್ಟಿಗೆ ತೆರೆದು, ಹಿಂದಕ್ಕೆ ತಿರುಗಿ ಮುಚ್ಚುತ್ತದೆ. ಉಂಗುರ ತೆರೆಯುವ ದಿಕ್ಕಿನ ಕೊನೆ ಮುಟ್ಟಿದಾಗ ತಾಗುವಂತೆ ಪಟ್ಟಿ ಇಟ್ಟರೆ ಅದೇ ಎಕ್ಸ್ ಸಿಂಕ್. ಹೇಳಲು ಸುಲಭ, ಒಳಗೆ ಕೂದಲೆಳೆಯಷ್ಟು ಜಾಗ. ಗಡಿಯಾರ ರಿಪೇರಿಯಲ್ಲಿ ಕೈ ಪಳಗಿದವರಿಗಷ್ಟೇ ಇದು ತಕ್ಕದ್ದು. ಕೆಲವು ಶಟರ್‌ಗಳಲ್ಲಿ ಬಿಗಿಮಾಡುವ ಸನ್ನೆ ಹೊರಗಡೆಯೇ ಇದ್ದು, ಶಟರ್ ಬಿಟ್ಟಾಗ ಅದು ಹಿಂದಕ್ಕೆ ಓಡುತ್ತದೆ. ಹಾಗಿದ್ದರೆ ಆ ಸನ್ನೆಯ ಹಾದಿಯಲ್ಲೇ ಹೊರಗಿನಿಂದ ಸಂಪರ್ಕ ಕಟ್ಟಬಹುದು, ಒಂದು ಸ್ಕ್ರೂವನ್ನೂ ಮುಟ್ಟಬೇಕಾಗಿಲ್ಲ. ಎಲೆ ಶಟರಿನ ದೊಡ್ಡ ಗುಣವೆಂದರೆ ಯಾವ ವೇಗದಲ್ಲೂ ಅದು ಒಂದು ಗಳಿಗೆ ಪೂರ್ತಿ ತೆರೆದೇ ಇರುತ್ತದೆ. ಹಳೆಯ ಲೈಕಾದಂತೆ ಫಿಲ್ಮಿನ ಮುಂದೆಯೇ ಬಟ್ಟೆಯ ಪರದೆ ಓಡುವ ಕ್ಯಾಮೆರಾಗಳಿಗೆ ಈ ಭಾಗ್ಯವಿಲ್ಲ. ಅಲ್ಲಿ 1/30ಕ್ಕಿಂತ ವೇಗ ಹೆಚ್ಚಿಸಿದರೆ ಇಡೀ ಫಿಲ್ಮು ಒಮ್ಮೆಗೆ ತೆರೆದುಕೊಳ್ಳುವುದೇ ಇಲ್ಲ, ಒಂದು ಪಟ್ಟಿ ಮಾತ್ರ ಬೆಳಕು ಕಾಣುತ್ತದೆ.

ಸಂಪರ್ಕ ಸರಿಯಾದ ಗಳಿಗೆಗೆ ಕೂತಿದೆಯೇ ಎಂದು ತಿಳಿಯಲು ಫಿಲ್ಮು ಸುಡಬೇಕಿಲ್ಲ. ಕತ್ತಲೆ ಕೋಣೆಯಲ್ಲಿ ಕ್ಯಾಮೆರಾದ ಹಿಂಬದಿ ತೆರೆದು, ಅದನ್ನು ಬಿಳಿ ಗೋಡೆಯ ಕಡೆ ತಿರುಗಿಸಿ, ಫ್ಲಾಶನ್ನು ಗೋಡೆಗೇ ಗುರಿಯಿಟ್ಟು, ಹಿಂದಿನಿಂದ ಮಸೂರದೊಳಗೆ ಕಣ್ಣು ನೆಟ್ಟು ಶಟರ್ ಬಿಡಬೇಕು. ಕ್ಷಣದ ಬೆಳಕಾದರೂ ಅದರ ಆಕಾರ ಕಣ್ಣಲ್ಲಿ ಉಳಿಯುತ್ತದೆ. ದುಂಡನೆಯ ಪೂರ್ಣ ಬಿಂಬ ಕಂಡರೆ ಗೆದ್ದಂತೆ. ಬಿಲ್ಲೆ ಶಟರಿನಲ್ಲಿ ಬಿದಿಗೆಯ ಚಂದ್ರನ ಹಾಗೆ ಬಾಗಿದ ತುಣುಕು ಕಂಡರೆ ಸಂಪರ್ಕ ಬೇಗನೆಯೋ ತಡವಾಗಿಯೋ ಆಗುತ್ತಿದೆ. ಎಲೆ ಶಟರಿನಲ್ಲಿ ಅದೇ ತಪ್ಪು ನಕ್ಷತ್ರದ ಆಕಾರವಾಗಿ ಕಾಣುತ್ತದೆ. ಚಿಮುಟದಿಂದ ಪಟ್ಟಿಯನ್ನು ಎಳ್ಳಷ್ಟು ಬಗ್ಗಿಸಿ ಮತ್ತೆ ನೋಡಬೇಕು. ಇಲ್ಲಿ ಫಿಲ್ಮಿನ ಜಾಗದಲ್ಲಿ ಟ್ರೇಸಿಂಗ್ ಹಾಳೆ ಹಿಡಿದರೆ ಉಪಯೋಗವಿಲ್ಲ. ಶಟರ್ ಮಸೂರದ ಬಳಿಯೇ ಇರುವುದರಿಂದ ಅರ್ಧ ತೆರೆದಿದ್ದರೂ ಹಾಳೆಯ ಮೇಲೆ ಇಡೀ ಚಿತ್ರ ಬೀಳುತ್ತದೆ, ಮಂಕಾಗಿ ಬೀಳುತ್ತದೆ ಅಷ್ಟೇ. ಪರದೆ ಶಟರಿಗೆ ಮಾತ್ರ ಆ ಹಾಳೆಯ ಪರೀಕ್ಷೆ ಸಲ್ಲುತ್ತದೆ. ಇನ್ನೂ ನಿಖರವಾಗಿ ಬೇಕೆನ್ನುವವರು ಫೋಟೋ ಟ್ರಾನ್ಸಿಸ್ಟರ್ ಒಂದನ್ನು ಕಂಪ್ಯೂಟರಿನ ಮೈಕ್ ಕಿಂಡಿಗೆ ಜೋಡಿಸಿ, ಶಟರಿನ ಹಿಂದೆ ಇಟ್ಟು, ಬೆಳಕಿನ ಏರಿಳಿತವನ್ನು ಧ್ವನಿಯಂತೆ ದಾಖಲಿಸಬಹುದು. ಸೆಕೆಂಡಿಗೆ 48,000 ಮಾದರಿ ಎಂದರೆ ಒಂದೊಂದರ ನಡುವೆ 0.02 ಮಿಲಿಸೆಕೆಂಡು; ಶಟರ್ ತೆರೆದಿದ್ದ ದಿಣ್ಣೆಯ ಮೇಲೆ ಫ್ಲಾಶಿನ ಮೊನೆ ಎಲ್ಲಿ ನಿಂತಿದೆ ಎಂದು ಪರದೆಯ ಮೇಲೇ ಕಾಣುತ್ತದೆ.

ಈಗ ನಮ್ಮ ಕಡಲತೀರದ ಸಮಸ್ಯೆಗೆ ಬರೋಣ. ಗಂಗೊಳ್ಳಿ, ಮರವಂತೆ, ಕೋಡಿಯ ಗಾಳಿಯಲ್ಲಿ ಉಪ್ಪಿದೆ. ಜೂನಿನಿಂದ ನಾಲ್ಕು ತಿಂಗಳು ಮಳೆಯೂ ಸೇರಿದರೆ ಮಸೂರಕ್ಕೆ ಬೂಷ್ಟು, ತಾಮ್ರಕ್ಕೆ ಕಿಲುಬು. ಈ ಕಿಲುಬಿನ ಪದರ ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ ವಿದ್ಯುತ್ತಿಗೆ ಗೋಡೆ. ಹಳೆಯ ಫ್ಲಾಶುಗಳಲ್ಲಿ ಸಿಂಕ್ ತಂತಿಯ ಎರಡು ತುದಿಗಳ ನಡುವೆ 200 ವೋಲ್ಟಿನವರೆಗೂ ಒತ್ತಡ ಇರುತ್ತಿತ್ತು. ಅಷ್ಟು ಒತ್ತಡ ಕಿಲುಬನ್ನು ಸೀಳಿಕೊಂಡೇ ಹಾಯುತ್ತದೆ. ಆದರೆ ಪ್ರತಿ ಸಲವೂ ಸಣ್ಣ ಕಿಡಿ ಹಾರಿ ಸಂಪರ್ಕ ಸುಟ್ಟು ಸವೆಯುತ್ತದೆ, ಕ್ಯಾಮೆರಾದ ಲೋಹದ ಮೈಯೇ ಒಂದು ತುದಿಯಾದ್ದರಿಂದ ಬೆವರಿದ ಕೈಗೆ ಶಾಕ್ ಹೊಡೆಯುತ್ತದೆ. ಹೊಸ ಫ್ಲಾಶುಗಳಲ್ಲಿ, ರೇಡಿಯೋ ಟ್ರಿಗರ್‌ಗಳಲ್ಲಿ ಈ ಒತ್ತಡ ಕೆಲವೇ ವೋಲ್ಟು. ಕೈಗೂ ಕ್ಷೇಮ, ಸಂಪರ್ಕಕ್ಕೂ ಕ್ಷೇಮ. ಆದರೆ ಕಿಲುಬನ್ನು ದಾಟುವ ಶಕ್ತಿ ಅದಕ್ಕಿಲ್ಲ. ಹಳೆಯ ಫ್ಲಾಶಿನೊಂದಿಗೆ ಸರಿಯಾಗಿ ನಡೆಯುತ್ತಿದ್ದ ಕ್ಯಾಮೆರಾ ಹೊಸದನ್ನು ಹಾಕಿದೊಡನೆ ಕೈಕೊಡುವುದು ಇದರಿಂದಲೇ. ದೋಷ ಹೊಸ ಫ್ಲಾಶಿನದಲ್ಲ. ಸಂಪರ್ಕದ ತುದಿಗೆ ಬೆಳ್ಳಿ ಇರಲಿ, ಆಟಕ್ಕೆ ಮೊದಲು ಸ್ಪಿರಿಟ್ ಅದ್ದಿದ ಒರಟು ಕಾಗದದ ಚೂರನ್ನು ನಡುವೆ ಹಾಯಿಸಿ ಎಳೆದುಬಿಡಿ. ನಾನಂತೂ ಇಂಥ ಕ್ಯಾಮೆರಾಗಳಿಗೆ ರೇಡಿಯೋ ಟ್ರಿಗರನ್ನೇ ಹೇಳುತ್ತೇನೆ. ಫ್ಲಾಶ್ ಎಷ್ಟೇ ಹಳೆಯದಿರಲಿ, ಅದರ ಒತ್ತಡ ತಡೆದುಕೊಳ್ಳುವ ಟ್ರಿಗರ್ ಆರಿಸಿಕೊಂಡರೆ ಕ್ಯಾಮೆರಾದ ಮೈಗೆ ಅದು ತಲುಪುವುದಿಲ್ಲ.

ದೂರದ ಲೆಕ್ಕ ಸರಳ. ಫ್ಲಾಶಿನ ಗೈಡ್ ನಂಬರನ್ನು ಅಪರ್ಚರಿನಿಂದ ಭಾಗಿಸಿದರೆ ವೇಷ ಎಷ್ಟು ಮೀಟರ್ ದೂರ ನಿಲ್ಲಬೇಕೆಂದು ಸಿಗುತ್ತದೆ. ಐಎಸ್‌ಒ 100ಕ್ಕೆ 28 ಎಂದಿರುವ ಫ್ಲಾಶ್ ಎಫ್/6.3ರಲ್ಲಿ ನಾಲ್ಕೂವರೆ ಮೀಟರ್ ಹತ್ತಿರ ಮುಟ್ಟುತ್ತದೆ, ಬಾಕ್ಸ್ ಕ್ಯಾಮೆರಾದ ಎಫ್/14ರಲ್ಲಿ ಬರೀ 2 ಮೀಟರ್. ಐಎಸ್‌ಒ 400ರ ಫಿಲ್ಮು ಹಾಕಿದರೆ ದೂರ ಇಮ್ಮಡಿ. ಫ್ಲಾಶನ್ನು ಕ್ಯಾಮೆರಾದ ತಲೆಯ ಮೇಲೆ ಮಾತ್ರ ಇಡಬೇಡಿ. ಭುಜಕೀರ್ತಿ, ಎದೆಕಟ್ಟಿನ ಬೇಗಡೆ, ಕನ್ನಡಿ ಚೂರುಗಳು ಬಂದ ಬೆಳಕನ್ನು ಬಂದ ದಾರಿಗೇ ಎಸೆದು ಬಿಳಿ ಕಲೆಗಳಾಗಿ ಕೂರುತ್ತವೆ. ಮುಖವರ್ಣಿಕೆಯ ಗೆರೆಗಳು ಚಪ್ಪಟೆಯಾಗುತ್ತವೆ. ಒಂದು ಪಕ್ಕದಿಂದ, ತುಸು ಎತ್ತರದಿಂದ ಬೆಳಕು ಬಂದರೆ ಮುಂಡಾಸಿನ ಸುತ್ತುಗಳೂ ಮರದ ಆಭರಣಗಳ ಉಬ್ಬುತಗ್ಗೂ ಎದ್ದು ಕಾಣುತ್ತವೆ. ಮೇಳದ ಯಜಮಾನರನ್ನೋ ಭಾಗವತರನ್ನೋ ಮೊದಲೇ ಕೇಳಿ, ಯಾವ ಪದಕ್ಕೆ ಹೊಡೆಯಬಹುದು ಎಂದು ತಿಳಿದುಕೊಳ್ಳುವುದು ಅಗತ್ಯ. ಮಂಡಿ ಹಾಕುತ್ತಿರುವ ಕಲಾವಿದರ ಕಣ್ಣಿಗೆ ನೇರ ಮಿಂಚು ಬಡಿದರೆ ಒಂದೆರಡು ಗಳಿಗೆ ನೆಲವೇ ಕಾಣದಾಗುತ್ತದೆ, ಬೀಳುವ ಅಪಾಯ ನಿಜವಾದದ್ದು. ಕೋಲ, ನಾಗಮಂಡಲಗಳಲ್ಲಿ ಫ್ಲಾಶ್ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಮಾಡಿ ತೆಗೆದ ನೆಗೆಟಿವಿನಲ್ಲಿ ಒಂದು ವಿಚಿತ್ರ ಕಾಣಿಸಿಕೊಳ್ಳಬಹುದು. ಫ್ಲಾಶಿನಿಂದ ಮೂಡಿದ ಚೂಪಾದ ಕೈ, ಅದರ ಜೊತೆಗೆ ರಂಗದ ದೀಪಗಳಿಂದ ಮೂಡಿದ ಮಸುಕಾದ ಜಾಡು. ಎಕ್ಸ್ ಸಿಂಕಿನಲ್ಲಿ ಶಟರ್ ತೆರೆದ ಕೂಡಲೇ ಮಿಂಚು ಬಂದುಬಿಡುತ್ತದೆ. ಆಮೇಲೂ ಶಟರ್ ತೆರೆದಿರುವಷ್ಟು ಹೊತ್ತು ಕೈ ಮುಂದಕ್ಕೆ ಚಲಿಸುತ್ತದೆ. ಅದರಿಂದ ಜಾಡು ಕೈಯ ಮುಂದೆ ಬೀಳುತ್ತದೆ, ವೇಷ ಹಿಂದಕ್ಕೆ ಸರಿದಂತೆ ಭಾಸವಾಗುತ್ತದೆ. ಕಾರ್ಖಾನೆಯಿಂದ ಬಂದ ಸಿಂಕನ್ನು ನಾವು ಬದಲಿಸಲಾರೆವು. ಕೈಯಾರೆ ಕಟ್ಟಿದ ಪಟ್ಟಿಯನ್ನಾದರೆ ಬದಲಿಸಬಹುದು: ಬಿಲ್ಲೆಯ ಕಿಂಡಿ ಮಸೂರವನ್ನು ಪೂರ್ತಿ ತೆರೆದಿಟ್ಟ ಅವಧಿಯ ಕೊನೆಯಲ್ಲಿ ತಾಗುವಂತೆ ಪಟ್ಟಿಯನ್ನು ಸರಿಸಿದರೆ ಮೊದಲು ಜಾಡು ಮೂಡಿ, ಆಮೇಲೆ ಮಿಂಚು ಬೀಳುತ್ತದೆ. ಬಿಲ್ಲೆಯ ಓಟದಲ್ಲಿ ಜಾಡು ಚಿಕ್ಕದು. ಉದ್ದ ಬೇಕಿದ್ದರೆ ಶಟರನ್ನು ಬಿಯಲ್ಲಿಟ್ಟು ಅರ್ಧ ಸೆಕೆಂಡು ತೆರೆದುಹಿಡಿದು, ಬಿಡುವ ಮುನ್ನ ಫ್ಲಾಶನ್ನು ಕೈಯಲ್ಲೇ ಹೊಡೆಯಬಹುದು. ರಂಗದ ಬೆಳಕು ಜೋರಿದ್ದರೆ ಅಪರ್ಚರನ್ನು ಎಫ್/16ಕ್ಕೋ ಎಫ್/22ಕ್ಕೋ ಕಿರಿದುಮಾಡಿ, ಫ್ಲಾಶನ್ನು ಅಷ್ಟೇ ಹತ್ತಿರ ತಂದರಾಯಿತು. ಆಗ ಬಣ್ಣದ ವೇಷ ಕೈ ಬೀಸಿ ಮುನ್ನುಗ್ಗಿದ ಜಾಡು ಅದರ ಬೆನ್ನ ಹಿಂದೆಯೇ, ಇರಬೇಕಾದ ಕಡೆಯೇ ಬೀಳುತ್ತದೆ.